ಜೊತೆಯವರಿಲ್ಲದ ವಾರ್ಡಿನಲ್ಲಿ ಮೂರು ವಾರ

ತಿಪಟೂರು

ನಮ್ಮ ಆಸ್ಪತ್ರೆಯಲ್ಲಿ ರೋಗಿಗಿಂತ ಹೆಚ್ಚು ಜಾಗ ಹಿಡಿಯುವವರು ಜೊತೆಯವರು. ಮಂಚದ ಮೇಲೆ ಒಬ್ಬರು ಮಲಗಿದ್ದರೆ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಇಬ್ಬರು, ಕಾರಿಡಾರಿನಲ್ಲಿ ಮುದ್ದೆ ಸಾರಿನ ಡಬ್ಬಿ ಕಾಯುತ್ತಾ ಇನ್ನೊಬ್ಬರು. ಡ್ರಿಪ್ಪಿನ ಸ್ಟ್ಯಾಂಡಿಗೆ ಒದ್ದೆ ಟವೆಲು ನೇತುಹಾಕುವವರು, ಪಕ್ಕದ ಮಂಚದ ಹೆಣ್ಣುಮಗಳಿಗೆ ಗಂಡು ನೋಡುವವರು, ಡಾಕ್ಟರು ರೌಂಡ್ಸಿಗೆ ಬಂದರೆ ರೋಗಿಗಿಂತ ಮುಂಚೆ ತಮ್ಮ ಮಂಡಿನೋವು ಹೇಳಿಕೊಳ್ಳುವವರು. ಇಪ್ಪತ್ತೆಂಟು ವರ್ಷ ಇವರನ್ನು ಗದರಿಸಿ ಗದರಿಸಿ ನನ್ನ ದನಿಯೇ ಒಡೆದುಹೋಗಿದೆ.

ನನ್ನ ಹೆಸರು ಪಂಕಜ. ಹುಟ್ಟಿದ್ದು ದಂಡಿನಶಿವರ, ಕೆಲಸ ತಿಪಟೂರಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ. ನರ್ಸಿಂಗ್ ಸೂಪರಿಂಟೆಂಡೆಂಟ್ ಅನ್ನುವ ಉದ್ದನೆಯ ಹೆಸರಿನ ಜೊತೆಗೆ ನಾಲ್ಕು ವರ್ಷದಿಂದ ಇನ್ನೊಂದು ಕೆಲಸವೂ ನನಗೆ ಗಂಟುಬಿದ್ದಿದೆ. ಗುಣಮಟ್ಟದ ಫಾರಂ ತುಂಬುವುದು. ಈ ತಿಂಗಳು ಎಷ್ಟು ಜನಕ್ಕೆ ಮಲಗಿ ಮಲಗಿ ಬೆನ್ನು ಹುಣ್ಣಾಯಿತು, ಎಷ್ಟು ಗಾಯ ಕೀವಾಯಿತು, ಎಷ್ಟು ಜನ ಮಂಚದಿಂದ ಬಿದ್ದರು, ಸೊನ್ನೆಯಿಂದ ಹತ್ತರೊಳಗೆ ಅವರವರ ನೋವು ಎಷ್ಟಿತ್ತು, ಮನೆಗೆ ಹೋಗುವಾಗ ಎಷ್ಟು ತೃಪ್ತಿಯಾಗಿದ್ದರು. ನಮ್ಮ ಕಾರ್ಯದರ್ಶಿ ಶಿವಾನಂದಪ್ಪನವರು ಕೊಬ್ಬರಿ ಮಂಡಿಯವರು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳಬಲ್ಲರು. ಆಸ್ಪತ್ರೆಯನ್ನು ಹಾಗೆ ಅಲ್ಲಾಡಿಸಲು ಬರುವುದಿಲ್ಲವಾದ್ದರಿಂದ ಅವರು ನನ್ನ ಫಾರಂಗಳನ್ನು ನಂಬುತ್ತಿದ್ದರು.

ಅವರಿಗೆ ಒಂದು ಆಸೆ. ಆಸ್ಪತ್ರೆಗೆ ಗುಣಮಟ್ಟದ ಸರ್ಟಿಫಿಕೇಟು ಬರಬೇಕು. ಅದಕ್ಕೆ ವಾರ್ಡು ಖಾಲಿಯಾಗಿ ಕಾಣಬೇಕು ಅಂತ ಯಾರೋ ತಲೆಗೆ ತುಂಬಿದ್ದರು. ನಮ್ಮಲ್ಲಿ ಕೆಲಸ ಮಾಡಿ ಹೋದ ಡಾಕ್ಟರೊಬ್ಬರು ಸ್ಕಾಟ್ಲೆಂಡಿನಲ್ಲಿದ್ದಾರೆ. ಅವರ ಮೂಲಕ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ನನಗೆ ಮೂರು ವಾರದ ಏರ್ಪಾಡಾಯಿತು.

"ಅಲ್ಲಿ ವಾರ್ಡಲ್ಲಿ ಪೇಷೆಂಟ್ ಜೊತೆ ಒಬ್ಬ ಅಟೆಂಡರೂ ಇರಾಕಿಲ್ಲಂತೆ ಸಿಸ್ಟ್ರೇ. ಹೆಂಗೆ ನಡೆಸ್ತಾರೆ ನೋಡ್ಕಂಡ್ ಬನ್ನಿ" ಅಂದರು ಶಿವಾನಂದಪ್ಪನವರು. "ವಾರ್ಡಿಗೆ ಗೇಟು ಮಾಡ್ಸೋಕೆ ಹೇಳಿದೀನಿ. ನೀವ್ ಬಂದು ಏನ್ ಬರೀತೀರೋ ಅದೇ ರೂಲ್ಸು."

ನನಗೆ ಖುಷಿಯೇ ಆಯಿತು. ಇಷ್ಟು ವರ್ಷ ಬಾಯಿ ನೋಯಿಸಿಕೊಂಡದ್ದು ಇನ್ನು ಗೇಟಿನಿಂದಲೇ ಆಗುವುದಲ್ಲ ಅಂದುಕೊಂಡೆ. ಮದುವೆಯಾಗಲಿಲ್ಲ. ಅಮ್ಮ ಹೋಗಿ ಆರು ವರ್ಷವಾಯಿತು. ಮನೆಯಲ್ಲಿ ಹೋಗಿಬರುತ್ತೇನೆ ಎಂದು ಹೇಳುವುದಕ್ಕೆ ಯಾರೂ ಇರಲಿಲ್ಲ. ಹಾಲಿನವನಿಗೆ ಹೇಳಿ ಬೀಗ ಹಾಕಿದೆ.

ವಿಮಾನ ನಿಲ್ದಾಣ

ತಿಪಟೂರಿನವರು ಯಾರ ಮನೆಗೆ ಹೋಗಲಿ, ಕೈಯಲ್ಲಿ ಕೊಬ್ಬರಿ ಇಲ್ಲದೆ ಹೋಗುವುದಿಲ್ಲ. ನಾನೂ ಆ ವಾರ್ಡಿನವರಿಗೆಂದು ಎಂಟು ಉಂಡೆ ಕೊಬ್ಬರಿ ಆರಿಸಿ, ಸೀರೆಯ ಮಧ್ಯೆ ಸುತ್ತಿ ಇಟ್ಟಿದ್ದೆ. ಬೆಂಗಳೂರಿನಲ್ಲಿ ತಪಾಸಣೆಯ ಹೆಣ್ಣುಮಗಳು ಒಂದೊಂದನ್ನೇ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಕೊಬ್ಬರಿ ವಿಮಾನದಲ್ಲಿ ತಗೊಂಡು ಹೋಗೋ ಹಾಗಿಲ್ಲ ಮೇಡಂ. ಎಣ್ಣೆ ಜಾಸ್ತಿ ಅಲ್ವಾ, ಹೊತ್ಕೊಳ್ಳುತ್ತೆ."

"ಅಟ್ಟದ ತುಂಬ ಕೊಬ್ಬರಿ ಇಟ್ಕಂಡು ಅದರ ಕೆಳಗೇ ಒಲೆ ಉರಿಸ್ತೀವಿ ಕಣಮ್ಮ ನಾವು" ಅಂದೆ.

ಅವಳು ನಕ್ಕಳು, ಕೊಬ್ಬರಿ ಮಾತ್ರ ಬಿಡಲಿಲ್ಲ. ಅವಮಾನವಾಯಿತು. ನಮ್ಮೂರಿನ ಹೆಸರು ಹೇಳಿಕೊಳ್ಳಲು ಇದ್ದ ಒಂದೇ ಪದಾರ್ಥ ಅದು. ಬರಿಗೈಯಲ್ಲಿ ವಿಮಾನ ಹತ್ತಿದೆ.

ಏಳನೆಯ ವಾರ್ಡಿನ ಬಾಗಿಲು

ಸಮುದ್ರದ ದಂಡೆಯ ಸಣ್ಣ ಊರು. ನಾನು ಹೋದ ವಾರವೇ ನಮ್ಮ ಡಾಕ್ಟರು ಮನೆಮಂದಿಯ ಜೊತೆ ರಜೆಗೆ ಹೊರಟಿದ್ದರು. ಬೀಗದ ಕೈ, ಬಸ್ಸಿನ ನಂಬರು, ಒಂದು ದಪ್ಪ ಕೋಟು ಕೊಟ್ಟು ಹೋದರು. ನಾನು ನರ್ಸುಗಳ ಕ್ವಾರ್ಟರ್ಸಿನಲ್ಲಿ ಒಂದು ಕೋಣೆಯಲ್ಲಿ ಉಳಿದೆ.

ಏಳನೆಯ ವಾರ್ಡಿನ ಬಾಗಿಲಿನಲ್ಲಿ ಒಂದು ಬಿಳಿಯ ಬೋರ್ಡಿತ್ತು. ಈ ತಿಂಗಳು ಈ ವಾರ್ಡಿನಲ್ಲಿ ಬಿದ್ದವರು: ಮೂರು. ಬೆನ್ನು ಹುಣ್ಣಾದವರು: ಒಂದು. ತಪ್ಪು ಮಾತ್ರೆ ಕೊಟ್ಟದ್ದು: ಎರಡು. ಬೋರ್ಡು ಸ್ಟೋರ್‌ರೂಮಿನಲ್ಲಿರಲಿಲ್ಲ, ಬಂದುಹೋಗುವವರೆಲ್ಲ ಓದುವ ಎತ್ತರದಲ್ಲಿತ್ತು. ಕೈಯಲ್ಲಿ ಹೂವು ಹಿಡಿದ ಮುದುಕರೊಬ್ಬರು ಅದನ್ನು ಓದಿ, ತಲೆಯಾಡಿಸಿ, ಒಳಗೆ ಹೋದರು. ನಮ್ಮಲ್ಲಾಗಿದ್ದರೆ ಅವರು ರೋಗಿಯನ್ನು ಎಬ್ಬಿಸಿಕೊಂಡು ಆಟೋ ಹತ್ತಿಸುತ್ತಿದ್ದರು.

ವಾರ್ಡಿನ ಮುಖ್ಯ ಸಿಸ್ಟರು ಐಲ್ಸ. ನನಗಿಂತ ಹತ್ತು ವರ್ಷ ಚಿಕ್ಕವಳು, ಮಾತು ಕಡಿಮೆ, ಚುರುಕು ನಡಿಗೆ. ಮೊದಲ ದಿನ ನಾನು ಸುಮ್ಮನೆ ನಿಂತು ನೋಡಿದೆ. ಚಾಪೆಯಿಲ್ಲ, ಡಬ್ಬಿಯಿಲ್ಲ, ಜಗಳವಿಲ್ಲ. ಮಧ್ಯಾಹ್ನ ಎರಡು ಗಂಟೆ ಹೊತ್ತು ಮನೆಯವರು ಬರುತ್ತಾರೆ, ಕುರ್ಚಿಯ ತುದಿಯಲ್ಲಿ ಕೂರುತ್ತಾರೆ, ಹೋಗುತ್ತಾರೆ. ನರ್ಸು ಹೊತ್ತುಹೊತ್ತಿಗೆ ಬಂದು ನಾಡಿ ನೋಡಿ, ನೋವು ಎಷ್ಟು ಎಂದು ಕೇಳಿ, ಹೇಳಿದ ಅಂಕಿಯನ್ನು ಬರೆದುಕೊಂಡು ಹೋಗುತ್ತಾಳೆ. ನನ್ನ ಕನಸಿನ ವಾರ್ಡು ಇದೇ. ಅಂದು ಸಂಜೆಯೇ ನೋಟ್‌ಬುಕ್ಕಿನಲ್ಲಿ ಗೇಟಿನ ಸಮಯ ಬರೆದುಕೊಂಡೆ.

ಮಾರನೆಯ ದಿನ ಜಂಬದಿಂದ ನಮ್ಮ ಫಾರಂಗಳನ್ನು ಐಲ್ಸಳಿಗೆ ತೋರಿಸಿದೆ. ಬಿದ್ದವರು ಸೊನ್ನೆ. ನೋವು ಸೊನ್ನೆ, ಎಲ್ಲೋ ಒಂದು ಕಡೆ ಒಂದು. ತೃಪ್ತಿ ಐದಕ್ಕೆ ಐದು. ಅವಳು ಹಾಳೆ ತಿರುವುತ್ತಲೇ ಹೋದಳು.

"ಆಪರೇಷನ್ ಆದ ಮಾರನೆಯ ದಿನವೂ ಯಾರಿಗೂ ನೋವಿಲ್ಲವೇ?" ಎಂದು ಕೇಳಿದಳು.

"ನಮ್ಮ ಜನ ಗಟ್ಟಿ" ಅಂದೆ.

ಅವಳು ನಗಲಿಲ್ಲ. ಹಾಳೆಗಳನ್ನು ಜೋಡಿಸಿ ನನಗೇ ವಾಪಸ್ಸು ಕೊಟ್ಟಳು. ನನಗೆ ಸಿಟ್ಟು ಬಂತು. ಹೊಟ್ಟೆಕಿಚ್ಚು ಅಂದುಕೊಂಡೆ.

ಬಸ್ಸು, ಬೆಂಚು, ಅನ್ನ

ಆ ಊರಿನವರು ಒಳ್ಳೆಯವರು. ಬಸ್ಸಿಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ತಿಪಟೂರು–ಚಿಕ್ಕನಾಯಕನಹಳ್ಳಿ ಬಸ್ಸಿನಲ್ಲಿ ಹಾಗೆ ಹೇಳಿದರೆ ಡ್ರೈವರು ಗಾಬರಿಯಾಗಿ ಹಿಂದೆ ತಿರುಗಿ ನೋಡಿಯಾನು. ಎದುರಾದವರೆಲ್ಲ "ಹೇಗಿದ್ದೀರಿ?" ಅನ್ನುತ್ತಾರೆ, ಆದರೆ ಉತ್ತರಕ್ಕೆ ನಿಲ್ಲುವುದಿಲ್ಲ. ಮೊದಲೆರಡು ದಿನ ನಾನು ನಿಂತು, ಚೆನ್ನಾಗಿದ್ದೇನೆ, ಚಳಿ ಸ್ವಲ್ಪ ಜಾಸ್ತಿ ಅಂತ ಶುರುಮಾಡುವಷ್ಟರಲ್ಲಿ ಅವರು ಆಚೆ ಬೀದಿಯಲ್ಲಿರುತ್ತಿದ್ದರು. ಆಮೇಲೆ ನಾನೂ ಕಲಿತೆ. ನಮ್ಮಲ್ಲಿ "ಊಟ ಆಯ್ತಾ?" ಅಂದರೆ ಆಗದಿದ್ದರೂ "ಆಯ್ತು" ಅನ್ನುವುದಿಲ್ಲವೇ, ಇದೂ ಹಾಗೇ.

ಭಾನುವಾರ ಸಮುದ್ರದ ಮುಂದೆ ಒಂದು ಬೆಂಚಿನ ಮೇಲೆ ಕೂತೆ. ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಬಂದು ಕೂತು, ಒಂದು ಗಂಟೆ ಕೂತಿದ್ದು, ಎದ್ದು ಹೋದಳು. ಯಾವೂರು, ಎಷ್ಟು ಮಕ್ಕಳು, ಈ ಕೋಟು ಎಲ್ಲಿ ತಗೊಂಡಿರಿ, ಒಂದು ಪ್ರಶ್ನೆಯಿಲ್ಲ. ಅಂಥ ಪ್ರಶ್ನೆ ಕೇಳಿದರೆ ಊರಿನಲ್ಲಿ ನಾನೇ ಸಿಡುಕುತ್ತಿದ್ದೆ. ಅಲ್ಲಿ ಕೂತು ಯಾರಾದರೂ ಕೇಳಲಿ ಅನ್ನಿಸಿತು. ಕೋಣೆಗೆ ಬಂದು ಅನ್ನ ಮಾಡಿಕೊಂಡು, ಮೊಸರು ಕಲಸಿ, ಕಿಟಕಿಯ ಹತ್ತಿರ ನಿಂತು ತಿಂದೆ. ಅಳು ಬಂತು. ಐವತ್ತಮೂರು ವರ್ಷದವಳು ಮೊಸರನ್ನದ ತಟ್ಟೆ ಹಿಡಿದು ಅಳುವುದು ನನಗೇ ಸರಿಕಾಣಲಿಲ್ಲ, ತಟ್ಟೆ ತೊಳೆದಿಟ್ಟೆ.

ಕಿಟಕಿ ಪಕ್ಕದ ಮಂಚ

ಎರಡನೆಯ ವಾರದ ಗುರುವಾರ ಬಲಪಕ್ಕೆಯಲ್ಲಿ ನೋವು ಶುರುವಾಯಿತು. ಐಲ್ಸಳ ಹಿಂದೆ ನಡೆಯುತ್ತಿದ್ದವಳು ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಪಿತ್ತಕೋಶದಲ್ಲಿ ಕಲ್ಲು, ಸ್ವಲ್ಪ ಊತ ಅಂದರು. ಔಷಧಿ ಕೊಟ್ಟು ನೋಡೋಣ, ಕಡಿಮೆಯಾಗದಿದ್ದರೆ ಆಪರೇಷನ್. ನೋಡಲು ಬಂದ ವಾರ್ಡಿನಲ್ಲೇ, ಕಿಟಕಿಯ ಪಕ್ಕದ ಮಂಚದಲ್ಲಿ ನನ್ನನ್ನು ಮಲಗಿಸಿದರು.

ಪಕ್ಕದ ಮಂಚದಲ್ಲಿ ಎಫಿ ಅಂತ ಒಬ್ಬ ಅಜ್ಜಿ. ಸೊಂಟದ ಮೂಳೆ ಮುರಿದಿತ್ತು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ದುಡಿದವರು. ಮಧ್ಯೆ ಪರದೆ ಎಳೆದಿದ್ದರೂ ಸಂದಿಯಲ್ಲಿ ಇಣುಕಿ ನೋಡುತ್ತಿದ್ದರು. ಮದುವೆಯಾಗಿದೆಯೇ, ಯಾಕಾಗಲಿಲ್ಲ, ನಿನ್ನ ಜೊತೆ ಯಾರೂ ಬರಲಿಲ್ಲವೇ? ಇಡೀ ದೇಶದಲ್ಲಿ ನನ್ನ ಬಗ್ಗೆ ಪ್ರಶ್ನೆ ಕೇಳಿದ ಮೊದಲ ಮನುಷ್ಯರು ಅವರು. ಆಗ ನನಗೆ ಉತ್ತರ ಕೊಡುವ ತ್ರಾಣವಿರಲಿಲ್ಲ, ಮುಖ ತಿರುಗಿಸಿಕೊಂಡೆ.

ಶುಕ್ರವಾರ ಬೆಳಿಗ್ಗೆ ನೋವು ಬೆನ್ನಿನವರೆಗೆ ಹರಿದಿತ್ತು. ಉಸಿರು ಪೂರ್ತಿ ಎಳೆಯಲು ಆಗುತ್ತಿರಲಿಲ್ಲ. ನರ್ಸು ಬಂದಳು. ಚಿಕ್ಕ ಹುಡುಗಿ, ನಾಲ್ಕು ಮಂಚ ಸುತ್ತಿ ಸುಸ್ತಾಗಿದ್ದಳು.

"ನೋವು ಎಷ್ಟಿದೆ? ಸೊನ್ನೆಯಿಂದ ಹತ್ತರಲ್ಲಿ?"

"ಎರಡು" ಅಂದೆ. ನಕ್ಕೂಬಿಟ್ಟೆ.

ಯಾಕೆ ಹಾಗಂದೆ? ಹೆಚ್ಚು ಹೇಳಿದರೆ ಆ ಹುಡುಗಿಗೆ ತೊಂದರೆ ಕೊಟ್ಟಂತೆ. ಬಂದ ದಿನದಿಂದ ಇವರ ಉಪಕಾರದಲ್ಲಿ ಇದ್ದೇನೆ. ಇಷ್ಟು ಕಕ್ಕುಲಾತಿಯಿಂದ ಕೇಳುತ್ತಿದ್ದಾಳೆ, ಎಂಟು ಅನ್ನಲು ನಾಲಿಗೆ ಏಳಲಿಲ್ಲ. ಅವಳು ಎರಡು ಎಂದು ಬರೆದುಕೊಂಡು ಒಂದು ಮಾತ್ರೆ ಕೊಟ್ಟು ಹೋದಳು. ಹತ್ತು ಗಂಟೆಗೆ ಬಂದಾಗ ನಾಡಿ ಸ್ವಲ್ಪ ಏರಿದೆ ಅಂದಳು. ನೋವು? "ಎರಡೇ. ಪರವಾಗಿಲ್ಲ."

ಅವಳು ಹೋದ ಮೇಲೆ ದಿಂಬು ಕಚ್ಚಿಕೊಂಡು ಮಲಗಿ ನಮ್ಮ ವಾರ್ಡನ್ನು ನೆನೆದೆ. ನಮ್ಮಲ್ಲಿ ರೋಗಿಯನ್ನು ನೋವು ಎಷ್ಟವ್ವ ಎಂದು ಕೇಳಿದರೆ ಬರುವ ಉತ್ತರ ಒಂದೇ. "ಏನಿಲ್ಲ ಬುಡಿ ಸಿಸ್ಟ್ರೇ, ಚೆನ್ನಾಗೈತೆ." ಅಷ್ಟರಲ್ಲಿ ಮಂಚದ ಕೆಳಗಿನಿಂದ ಇನ್ನೊಂದು ದನಿ ಏಳುತ್ತದೆ. "ಏನ್ ಚೆನ್ನಾಗೈತೆ? ಬೆಳಗಾನ ನರಳವ್ಳೆ. ಸುಳ್ಳು ಹೇಳ್ತಾವ್ಳೆ ಕಣ್ರೀ, ಏನಾರ ಇಂಜೆಕ್ಷನ್ ಕೊಡಿ." ನಾವು ಆ ಎರಡನೆಯ ದನಿ ಕೇಳಿ ಇಂಜೆಕ್ಷನ್ ಕೊಡುತ್ತೇವೆ. ಆದರೆ ಫಾರಂನಲ್ಲಿ ರೋಗಿ ಹೇಳಿದ ಅಂಕಿ ಬರೆಯಿರಿ ಅಂತ ಇದೆಯಲ್ಲ, ಅದರಲ್ಲಿ ಸೊನ್ನೆ ಬರೆಯುತ್ತೇವೆ. ನಾಲ್ಕು ವರ್ಷ ನಾನು ಬರೆದ ಸೊನ್ನೆಗಳೆಲ್ಲ ನಮ್ಮ ಜನರ ಮರ್ಯಾದೆಯ ಮಾತುಗಳು. ನಿಜ ಹೇಳುತ್ತಿದ್ದವರು ಚಾಪೆಯ ಮೇಲಿದ್ದರು. ಅವರನ್ನೇ ಗೇಟಿನಾಚೆ ಹಾಕಲು ನಾನು ಇಷ್ಟು ದೂರ ಬಂದಿದ್ದೆ.

ನನ್ನ ಮಂಚದ ಕೆಳಗೆ ಯಾರೂ ಇರಲಿಲ್ಲ. ನೆಲ ಫಳಫಳ ಹೊಳೆಯುತ್ತಿತ್ತು. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಹೇಳುವವರು ಈ ದೇಶದಲ್ಲಿ ಮಾತ್ರವಲ್ಲ, ತಿಪಟೂರಿನಲ್ಲೂ ಇಲ್ಲ ಅನ್ನುವುದು ಆಗ ಹೊಳೆಯಿತು. ಅಷ್ಟು ಒಂಟಿತನ ಅಮ್ಮ ಸತ್ತ ದಿನವೂ ಅನ್ನಿಸಿರಲಿಲ್ಲ.

ಹನ್ನೊಂದರ ಹೊತ್ತಿಗೆ ಕರೆಗಂಟೆ ಜೋರಾಗಿ ಬಡಿದುಕೊಂಡಿತು. ಒತ್ತಿದವಳು ನಾನಲ್ಲ. ಎಫಿ ಗುಂಡಿಯ ಮೇಲಿಂದ ಬೆರಳೇ ತೆಗೆದಿರಲಿಲ್ಲ. ನರ್ಸು ಓಡಿ ಬಂದಳು. ಎಫಿ ಹೇಳಿದ್ದು ಅವರ ಇಂಗ್ಲಿಷಿನಲ್ಲೇ, ಆದರೆ ನನ್ನ ನೆನಪಿನಲ್ಲಿ ಅದು ನಮ್ಮೂರ ಮಾತಾಗಿಯೇ ಉಳಿದಿದೆ.

"ನಂಗಲ್ಲ ಕಣೇ, ಅವ್ಳಿಗೆ. ಅವ್ಳು ನಿಂಗೆ ಎರಡು ಅಂತಾವ್ಳೆ, ನೀನು ಬರ್ಕಂಡು ಹೋಗ್ತಾ ಇದೀಯ. ಬೆಳಗ್ಗಿಂದ ದಿಂಬು ಕಚ್ಕೊಂಡು ಬಿದ್ದವ್ಳೆ. ನಾನು ನೋಡ್ತಾನೇ ಇದೀನಿ. ಹೋಗಿ ಡಾಕ್ಟ್ರನ್ನ ಕರಿ."

ಡಾಕ್ಟರು ಬಂದು ಹೊಟ್ಟೆ ಮುಟ್ಟಿದರು. ಆಮೇಲೆ ಎಲ್ಲವೂ ಬೇಗ ಬೇಗ ಆಯಿತು, ಅಂದೇ ಆಪರೇಷನ್ ಮಾಡಿದರು. ಪಿತ್ತಕೋಶ ಕೊಳೆತು ಒಡೆಯುವುದರಲ್ಲಿತ್ತಂತೆ. ಇನ್ನರ್ಧ ದಿನ ಬಿಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ.

ಐಲ್ಸಳ ಫಾರಂ

ನಾಲ್ಕು ದಿನದ ಮೇಲೆ ಬೇರೆ ವಾರ್ಡಿನಿಂದ ಏಳಕ್ಕೆ ಮರಳಿದಾಗ ಪಕ್ಕದ ಮಂಚ ಖಾಲಿಯಿತ್ತು. ಎಫಿಯನ್ನು ಎಲ್ಲಿಗೆ ಕಳಿಸಿದಿರಿ ಎಂದು ಕೇಳಿದೆ. ರೋಗಿಯ ವಿಷಯ ಇನ್ನೊಬ್ಬ ರೋಗಿಗೆ ಹೇಳುವಂತಿಲ್ಲ ಅಂದಳು ಐಲ್ಸ. ನಾನು ಒಂದು ಚೀಟಿ ಬರೆದುಕೊಟ್ಟೆ. ಅದು ತಲುಪಿತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅವರು ಕೇಳಿದ ಒಂದು ಪ್ರಶ್ನೆಗೂ ನಾನು ಉತ್ತರ ಕೊಟ್ಟಿರಲಿಲ್ಲ.

ಐಲ್ಸ ಕುರ್ಚಿ ಎಳೆದುಕೊಂಡು ಕೂತಳು. ಕೈಯಲ್ಲಿ ಫಾರಂ ಇತ್ತು.

"ಮೊದಲು ಕ್ಷಮೆ ಕೇಳಬೇಕು. ನಿಮ್ಮ ನೋವು ನಮಗೆ ತಡವಾಗಿ ಗೊತ್ತಾಯಿತು. ಇದನ್ನು ನಮ್ಮ ತಪ್ಪು ಎಂದು ದಾಖಲು ಮಾಡುತ್ತಿದ್ದೇನೆ."

"ಸುಳ್ಳು ಹೇಳಿದವಳು ನಾನು" ಅಂದೆ. "ಆ ಹುಡುಗಿ ಕೇಳಿದಳು. ನಾನು ಎರಡು ಅಂದೆ."

"ನಾಡಿ ಏರಿತ್ತು. ನಿಮ್ಮ ಮುಖ ಬೇರೆ ಹೇಳುತ್ತಿತ್ತು. ನಾವು ಅಂಕಿ ನೋಡಿದೆವು, ಮುಖ ನೋಡಲಿಲ್ಲ."

ಆಮೇಲೆ ಒಂದು ಪ್ರಶ್ನೆಗೆ ಅವಳ ಪೆನ್ನು ನಿಂತಿತು. ತೊಂದರೆಯನ್ನು ಮೊದಲು ಗುರುತಿಸಿದವರು ಯಾರು? ನರ್ಸು, ಡಾಕ್ಟರು, ರೋಗಿ, ಕುಟುಂಬದವರು. ಪಕ್ಕದ ಮಂಚದವರು ಅನ್ನುವ ಚೌಕ ಇರಲಿಲ್ಲ.

"ಯಾವುದಕ್ಕೆ ಗುರುತು ಹಾಕಲಿ?" ಎಂದು ನನ್ನನ್ನೇ ಕೇಳಿದಳು.

"ಕುಟುಂಬ" ಅಂದೆ.

ಅವಳು ನನ್ನ ಮುಖ ನೋಡಿ ಅದಕ್ಕೇ ಗುರುತು ಹಾಕಿದಳು. ಹೊರಡುವ ದಿನ ಬಾಗಿಲಿನ ಬೋರ್ಡಿನಲ್ಲಿ ಹೊಸ ಸಾಲು ಸೇರಿತ್ತು. ನೋವು ತಡವಾಗಿ ಗೊತ್ತಾದವರು: ಒಂದು. ಕೋಟು ಹಾಕಿಕೊಂಡು ಅದರ ಮುಂದೆ ನಿಂತೆ. ಯಾರೋ ಒಬ್ಬ ಹೆಂಗಸು ನನ್ನ ಪಕ್ಕ ನಿಂತು ಅದನ್ನು ಓದಿ ಒಳಗೆ ಹೋದಳು. ಆ ಒಂದು ನಾನೇ ಎಂದು ಅವಳಿಗೆ ಹೇಳಬೇಕೆನ್ನಿಸಿತು, ಹೇಳಲಿಲ್ಲ.

ಮತ್ತೆ ತಿಪಟೂರು

ಗೇಟು ಬಂದು ಆಸ್ಪತ್ರೆಯ ಅಂಗಳದಲ್ಲಿ ನಿಂತಿತ್ತು. ಬಣ್ಣ ಇನ್ನೂ ಹಸಿ. ಸಭೆಯಲ್ಲಿ ಶಿವಾನಂದಪ್ಪನವರು ನೇರವಾಗಿ ಕೇಳಿದರು.

"ಅಲ್ಲಿ ಅಟೆಂಡರು ಇರ್ತಾರೋ ಇಲ್ವೋ, ಅಷ್ಟು ಹೇಳಿ ಸಿಸ್ಟ್ರೇ."

"ಇರಲ್ಲ ಸಾರ್. ಅದಕ್ಕೇ ನಾನು ಸಾಯ್ತಿದ್ದೆ."

ನಡೆದದ್ದನ್ನೆಲ್ಲ ಹೇಳಿದೆ. ನಾಲ್ಕು ವರ್ಷದ ಫಾರಂಗಳನ್ನು ಮೇಜಿನ ಮೇಲಿಟ್ಟು, ಇವು ನಂಬುವಂಥವಲ್ಲ, ಬರೆದವಳು ನಾನೇ ಅಂದೆ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಎಂಬ ಭಯ ಇತ್ತು. ಜೊತೆಯವರು ಇರಲಿ, ಅವರು ಹೇಳುವ ನೋವಿಗೆ ಇನ್ನೊಂದು ಕಾಲಂ ಬೇಕು, ಬಾಗಿಲಲ್ಲಿ ಬೋರ್ಡು ಬೇಕು ಎಂದು ಕೇಳಿದೆ.

ಶಿವಾನಂದಪ್ಪನವರು ಫಾರಂಗಳನ್ನು ತಿರುವಿ ನೋಡಿ ಬದಿಗಿಟ್ಟರು. "ನಮ್ಮ ತಪ್ಪು ನಾವೇ ಬಾಗ್ಲಲ್ಲಿ ಬರ್ಕಂಡು ಕೂತ್ರೆ ಯಾರ್ ಬತ್ತಾರೆ ಕಣ್ರೀ? ಸರ್ಟಿಫಿಕೇಟಂತೂ ಹೋಯ್ತು ಬುಡಿ" ಅಂದರು. ಕೊನೆಗೆ, "ಒಂದು ವಾರ್ಡು, ಮೂರು ತಿಂಗ್ಳು. ಅಷ್ಟ್ರಲ್ಲಿ ಜನ ಕಮ್ಮಿಯಾದ್ರೆ ಗೇಟು ಹಾಕೋದೇ, ನೀವೂ ಈ ಕೆಲ್ಸ ಬುಟ್ಟುಕೊಡೋದೇ" ಅಂದರು. ಒಪ್ಪಿಕೊಂಡೆ. ಗೇಟು ಅಂಗಳದಲ್ಲೇ ಉಳಿಯಿತು. ಜೊತೆಯವರು ಅದರ ಮೇಲೆ ಬಟ್ಟೆ ಒಣಹಾಕಲು ಶುರುಮಾಡಿದರು.

ಮೊದಲ ತಿಂಗಳು ಕಳೆದ ಮೇಲೆ ರೋಗಿಯ ಕಾಲಂ, ಜೊತೆಯವರ ಕಾಲಂ ಎರಡನ್ನೂ ತಾಳೆ ನೋಡಿ ಬೋರ್ಡಿನಲ್ಲಿ ಬರೆದೆ. ನೋವು ತಡವಾಗಿ ಗೊತ್ತಾದವರು: ಹನ್ನೊಂದು. ಓದಿದವರಲ್ಲಿ ಇಬ್ಬರು ಮುಖಮುಖ ನೋಡಿಕೊಂಡು ಬೇರೆ ಆಸ್ಪತ್ರೆಗೆ ಹೊರಟೂ ಹೋದರು. ನನ್ನ ಕಥೆ ಮುಗಿಯಿತು ಅಂದುಕೊಂಡೆ.

ಮಧ್ಯಾಹ್ನ ಶೆಟ್ಟಿಕೆರೆಯ ಕಡೆಯ ಒಬ್ಬ ಮುದುಕ ಬೋರ್ಡಿನ ಮುಂದೆ ನಿಂತಿದ್ದರು. ಮೂರು ತಿಂಗಳ ಹಿಂದೆ, ನಾನು ಸ್ಕಾಟ್ಲೆಂಡಿಗೆ ಹೋಗುವ ಮುಂಚೆ, ನಮ್ಮಲ್ಲೇ ಹರ್ನಿಯಾ ಆಪರೇಷನ್ ಆದವರು, ಈಗ ತೋರಿಸಿಕೊಳ್ಳಲು ಬಂದಿದ್ದರು. ಅವರ ಫಾರಂ ನೆನಪಿತ್ತು. ನೋವು ಸೊನ್ನೆ, ತೃಪ್ತಿ ಐದು.

"ಇದೇನವ್ವ ಹನ್ನೊಂದು ಅಂತ ಬರ್ದಿದೀರ?"

"ಇಷ್ಟು ಜನಕ್ಕೆ ನೋವಿತ್ತು ಯಜಮಾನ್ರೇ. ನಮಗೆ ಗೊತ್ತಾಗಿದ್ದು ತಡ ಆಯ್ತು. ನಮ್ಮ ತಪ್ಪು."

ಅವರು ಮತ್ತೊಮ್ಮೆ ಬೋರ್ಡನ್ನು ಓದಿದರು. ಹೆಗಲ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡರು.

"ನಾನು ಆವತ್ತು ಬಸ್ಸಲ್ಲಿ ಒಬ್ನೇ ಬಂದಿದ್ದೆ ಕಣವ್ವ. ಮನೇಲಿ ಯಾರೂ ಇಲ್ಲ. ಮೂರು ದಿನ ಪ್ರಾಣ ಹೋಗಂಗಾಗಿತ್ತು. ನೀವು ಬಂದು ಕೇಳ್ದಾಗ ಏನಿಲ್ಲ ಬುಡಿ ಅಂದೆ." ಬೋರ್ಡಿನ ಕಡೆ ಕೈ ತೋರಿಸಿದರು. "ನನ್ನೂ ಸೇರ್ಸವ್ವ ಇದ್ರಾಗೆ."

ಅದು ಈ ತಿಂಗಳ ಲೆಕ್ಕವಲ್ಲ ಎಂದು ನಾನು ಹೇಳಲಿಲ್ಲ. ಹನ್ನೊಂದನ್ನು ಅಳಿಸಿ ಹನ್ನೆರಡು ಬರೆದೆ. ಅವರು ನಿಂತು ನೋಡಿ, ಸರಿಯಾಗಿದೆ ಅನ್ನುವಂತೆ ತಲೆಯಾಡಿಸಿ, ಒಳಗೆ ಬಂದು ಬೆಂಚಿನ ಮೇಲೆ ಕೂತರು.